ಕೊಕ್ಕಡದ ಹೊಳೆಯುವ ಕಲ್ಲು

ಬೆಳಿಗ್ಗೆ ಪುತ್ತಿಗೆಯಿಂದ ಹೊರಟಾಗ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಏಳು ಗಂಟೆಗೆ ಕೊಕ್ಕಡದಿಂದ ಬಾವ, ಎಂದರೆ ನನ್ನ ಅಕ್ಕ ಸುಮತಿಯ ಗಂಡ, ಫೋನ್ ಮಾಡಿದ್ದರು. ಹೊಸ ಬಾವಿ ತೋಡುವಾಗ ಹಳದಿ ಮಿಂಚಿನ ಕಲ್ಲು ಸಿಕ್ಕಿತ್ತು. ಅದು ಚಿನ್ನವೋ ಎಂದು ಅವರು ಕೇಳಿ ಎರಡು ದಿನವಾಗಿತ್ತು. ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಉಪದೇಶದ ಚಪಲ ಬಿಟ್ಟಿಲ್ಲ. "ಕೆಂಡದಲ್ಲಿ ಕಾಯಿಸಿ ನೋಡಿ, ಚಿನ್ನವಾದ್ರೆ ಏನೂ ಆಗುವುದಿಲ್ಲ" ಎಂದುಬಿಟ್ಟಿದ್ದೆ.

"ತಿಂಡಿ ಆದ ಮೇಲೆ ಕಾಯಿಸ್ತೇನೆ ಮಾರಾಯ," ಎಂದರು ಬಾವ. "ಒಂದು ಬುಟ್ಟಿ ಉಂಟು. ಹೊಗೆಮನೆಯಲ್ಲಿ ಬಾಗಿಲು ಹಾಕಿ ಇಡುವ. ಊರವರಿಗೆ ಗೊತ್ತಾಗುವುದು ಬೇಡ."

ಬೇಡ ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಎಷ್ಟು ಸಲ ಮಾಡಿದರೂ ಲೈನ್ ಸಿಗಲಿಲ್ಲ.

ಹೊಗೆಮನೆ ಎಂದರೆ ರಬ್ಬರ್ ಶೀಟು ಒಣಗಿಸುವ ಕೋಣೆ. ಹೊಗೆ ಹೊರಗೆ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿನ ಜಾಣತನ. ಶೀಟು ತಿರುಗಿಸಲು ಒಳಗೆ ಹೋಗುವವಳು ಅಕ್ಕ. ಅವಳಿಗೆ ಉಬ್ಬಸ.

ಮೂಡುಬಿದಿರೆಯಲ್ಲಿ ಬೆಳ್ತಂಗಡಿ ಬಸ್ಸು ಸಿಕ್ಕಿತು. ಮೋಡ ಕವಿದಿತ್ತು, ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಚಿನ್ನದ ಹಾಗೆ ಮಿಂಚುವ ಅಂಥ ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು ಕಬ್ಬಿಣ ಮತ್ತು ಗಂಧಕ. ಕಾದರೆ ಗಂಧಕ ಗಾಳಿಯ ಆಮ್ಲಜನಕದೊಂದಿಗೆ ಸೇರಿ ವಿಷದ ಅನಿಲವಾಗುತ್ತದೆ, ಶ್ವಾಸಕೋಶದ ತೇವ ತಾಗಿದರೆ ಆಮ್ಲವೇ ಆಗುತ್ತದೆ. ಎಷ್ಟೋ ವರ್ಷ ಮಕ್ಕಳಿಗೆ ಇದರ ಸಮೀಕರಣ ಬರೆಸಿದವನು ಈಗ ಅದನ್ನು ನೆನೆದು ಬಾವನ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದೆ.

ವೇಣೂರಿನಲ್ಲಿ ಕಂಡಕ್ಟರ್ ಚಹಾಕ್ಕೆ ಇಳಿದ. "ಅರ್ಜೆಂಟ್ ಉಂಟು ಮಾರಾಯ್ರೆ," ಎಂದೆ.

"ಐದು ನಿಮಿಷ ಮಾಷ್ಟ್ರೆ. ಗೋಳಿಬಜೆ ಬಿಸಿ ಉಂಟು, ತಿನ್ನಿ."

ಗೋಳಿಬಜೆ ಎಂದರೆ ಪ್ರಾಣ ಬಿಡುವ ನನಗೆ ಆ ದಿನ ಅದರ ವಾಸನೆಯೂ ಬೇಡವಾಗಿತ್ತು.

ಬೆಳ್ತಂಗಡಿಯಲ್ಲಿ ಆಟೋ ಹಿಡಿದೆ. ಚಾಲಕ ಹಮೀದ್ ಆರುನೂರು ಎಂದ, ನಾನು ಚೌಕಾಸಿ ಮಾಡಲಿಲ್ಲ. "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದ. "ಇಷ್ಟರವರೆಗೆ ಯಾರಿಗೂ ಏನೂ ಆಗಿರ್ಲಿಕ್ಕಿಲ್ಲ," ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ವೇಗ ಹೆಚ್ಚಿಸಿದ.

ಬಾವನ ಅಂಗಳ ಮುಟ್ಟುವ ಮೊದಲೇ ಬೆಂಕಿಕಡ್ಡಿ ಗೀರಿದಂಥ ಘಾಟು ಮೂಗಿಗೆ ಬಡಿಯಿತು. ಬಾವ ಜಗಲಿಯಲ್ಲಿ ನಗುತ್ತಾ ಕೂತಿದ್ದರು.

"ಅಕ್ಕ ಎಲ್ಲಿ?"

"ಈಗಷ್ಟೇ ಶೀಟ್ ತಿರುಗಿಸ್ಲಿಕ್ಕೆ ಹೋದಳು."

"ಹೊಗೆಮನೆ!" ಎಂದು ನಾನು ಕೈ ತೋರಿದ್ದೇ ಹಮೀದ್ ನನಗಿಂತ ಮೊದಲು ಓಡಿದ. ಬಾಗಿಲು ತೆರೆದಾಗ ಅಕ್ಕ ಹೊಸ್ತಿಲ ಬಳಿ ಕುಸಿದು ಕೂತಿದ್ದಳು, ಎರಡೂ ಕೈ ಎದೆಯ ಮೇಲಿದ್ದವು, ಕೆಮ್ಮುವುದಕ್ಕೂ ಉಸಿರಿರಲಿಲ್ಲ. ಇಬ್ಬರೂ ಎತ್ತಿ ಆಟೋದಲ್ಲಿ ಮಲಗಿಸಿದೆವು. ಬೆಳ್ತಂಗಡಿಯ ಆಸ್ಪತ್ರೆವರೆಗೆ ಅವಳ ತುಟಿಯ ಬಣ್ಣ ನೋಡುತ್ತಾ ಕೂತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಹೆದರಿದ್ದಿಲ್ಲ.

ಆಮ್ಲಜನಕ ಕೊಟ್ಟರು, ಔಷಧದ ಆವಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಮಾತಾಡಿದಳು. ನಮ್ಮ ಹಿಂದಿನಿಂದ ಬಂದಿದ್ದ ಬಾವ ಟವೆಲಿನ ಗಂಟು ಬಿಚ್ಚಿ ಕಾಯಿಸಿದ ಒಂದು ಕಲ್ಲು ತೋರಿಸಿದರು. ಗಂಧಕ ಹೋಗಿ ಉಳಿದ ಕಬ್ಬಿಣ ತುಕ್ಕಿನ ಕೆಂಪಿಗೆ ತಿರುಗಿತ್ತು.

"ನಮ್ಮ ಅಂಗಳದ ಮಣ್ಣಿನ ಹಾಗೇ ಆಯ್ತಲ್ಲ," ಎಂದರು.

"ಕಾಯಿಸ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಅಕ್ಕ ಕೇಳಿದಳು.

ಬಾವ ನನ್ನತ್ತ ನೋಡಲಿಲ್ಲ. "ನನಗೇ ಹೊಳೆದದ್ದು."

ನಾನು ಹೇಡಿಯ ಹಾಗೆ ಕಿಟಕಿಯ ಹೊರಗೆ ನೋಡಿದೆ.

ಮಾರನೆ ದಿನ ಡಾಕ್ಟರು ಹೆದರುವುದು ಬೇಡ ಎಂದ ಮೇಲೆ ಮೂಡುಬಿದಿರೆ ಬಸ್ಸು ಹತ್ತಿದೆ. ವೇಣೂರಿನಲ್ಲಿ ಬಸ್ಸು ನಿಂತಾಗ ತಡೆಯಲಾಗದೆ ಬಾವನ ಫೋನಿಗೆ ಕರೆ ಮಾಡಿದೆ. ಅಕ್ಕ ಎತ್ತಿದಳು.

"ಕಾಯಿಸ್ಲಿಕ್ಕೆ ಹೇಳಿದ್ದು ನಾನು ಅಕ್ಕ."

ಅವಳ ಉಸಿರು ಇನ್ನೂ ಸಣ್ಣಗೆ ಸೀಟಿ ಹೊಡೆಯುತ್ತಿತ್ತು.

"ಗೊತ್ತುಂಟು," ಎಂದಳು. "ಮನೆ ಮುಟ್ಟಿದ ಮೇಲೆ ಫೋನ್ ಮಾಡು."