ಬ್ರೇಕಿನದೇ ತಪ್ಪು

ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಮಧ್ಯಾಹ್ನ ಕಾಲು ಚಾಚಿ ಮಲಗುತ್ತೇನೆ ಅಂದುಕೊಂಡಿದ್ದೆ. ಆದದ್ದು ಡ್ರೈವರ್. ಬೆಳಿಗ್ಗೆ ರಾಯಚೂರಿನ ಮನೆಯಿಂದ ಮಾನ್ವಿಯಲ್ಲಿರುವ ನಮ್ಮ ಬೀಜ-ಗೊಬ್ಬರದ ಅಂಗಡಿಗೆ ಗಂಡನನ್ನು ಕರೆದೊಯ್ಯಬೇಕು, ಸಂಜೆ ಕರೆತರಬೇಕು. ಹೋದ ವರ್ಷ ಅವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ದೇವರ ದಯೆಯಿಂದ ಎದ್ದು ಓಡಾಡುವಂತಾದರು. ಬಲಗಾಲನ್ನು ಒಂಚೂರು ಎಳೆದು ಹಾಕುತ್ತಾರೆ, ಅಷ್ಟೆ. ಬಾಯಿ ಮಾತ್ರ ಎಳ್ಳಷ್ಟೂ ಸೋತಿರಲಿಲ್ಲ.

ಭತ್ತದ ಸುಗ್ಗಿಯಲ್ಲಿ ಒಂದು ದಿನ, ನಾನು ಸ್ನಾನಕ್ಕೆ ಹೋದದ್ದೇ ತಡ, ಕೀ ತಗೊಂಡು ಒಬ್ಬರೇ ಕಾರು ಹೊಡೆದುಕೊಂಡು ಹೋಗಿಬಿಟ್ಟರು. ಮಾನ್ವಿ ಇನ್ನೂ ಮುಂದಿತ್ತಂತೆ. ಅಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ಕಾರು ಆ ಕಲ್ಲು ಹಾರಿ ಭತ್ತದೊಳಗೆ ನುಗ್ಗಿ ನಿಂತಿತು. ಕಾಲಿನಿಂದ ಭತ್ತ ಕೆದರುತ್ತಿದ್ದ ಮುದುಕಿಯೊಬ್ಬಳು ಪಕ್ಕಕ್ಕೆ ಜಿಗಿದು ಉಳಿದುಕೊಂಡಳು. ನಾನು ಬಸ್ಸು ಹತ್ತಿ ಹೋದಾಗ ಅವಳು ಇನ್ನೂ ನಡುಗುತ್ತಿದ್ದಳು. "ಯವ್ವಾ, ನಿನ್ನ ಗಂಡಗ ಹೇಳು, ನನಗೂ ಮೊಮ್ಮಕ್ಕಳು ಅದಾವ" ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಇವರು ಕಾರಿಗೆ ಒರಗಿ ನಿಂತು ಒಂದೇ ಮಾತು ಹೇಳಿದರು: "ಬ್ರೇಕ್ ಹತ್ತಲಿಲ್ಲ."

ಅವತ್ತಿನಿಂದ ಕೀ ನನ್ನ ಸೊಂಟದಲ್ಲಿ. ಅವತ್ತಿನಿಂದಲೇ ಬ್ರೇಕಿನ ಪುರಾಣವೂ ಶುರುವಾಯಿತು. ಊಟಕ್ಕೆ ಕೂತರೆ ಬ್ರೇಕು, ಮಲಗಲು ಹೋದರೆ ಬ್ರೇಕು. ದಿನಾ ಅದೇ ಬ್ರೇಕಿನ ಮೇಲೆ ಕಾಲಿಟ್ಟು ಮಾನ್ವಿಗೆ ಹೋಗಿ ಬರುವವಳು ನಾನು, ಅದು ಸರಿಯಾಗಿ ಹಿಡಿಯುತ್ತದೆ ಅಂದರೆ "ನಿನಗ ಗೊತ್ತಾಗಂಗಿಲ್ಲ" ಅನ್ನುತ್ತಿದ್ದರು. ಅತ್ತೆಯದೂ ಅದೇ ರಾಗ: "ನನ್ನ ಮಗನ ಕಾಲಿಗಿ ಏನಾಗೇದ? ಗಾಡಿಗಿ ದೃಷ್ಟಿ ಆಗೇದ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಎಷ್ಟು ಸಲ ನನ್ನ ನಾಲಿಗೆಯ ತುದಿಗೆ ಬಂದಿತ್ತೋ. ಕಾಯಿಲೆಯಿಂದ ಎದ್ದ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು?

ಕೊನೆಗೆ ನನಗೇ ಸಾಕಾಯಿತು. ವಾದ ಮಾಡುವುದಕ್ಕಿಂತ ಬ್ರೇಕು ಬದಲಿಸುವುದೇ ಹಗುರ ಅನ್ನಿಸಿತು. ಹೊಸ ಪ್ಯಾಡು, ಹೊಸ ಡಿಸ್ಕು ತಂದರು. ಕಾರಿನ ಕೆಲಸವನ್ನು ಅವರು ಯಾವತ್ತೂ ಹೊರಗಡೆ ಕೊಟ್ಟವರಲ್ಲ. ಗಬ್ಬೂರು, ದೇವದುರ್ಗದ ಹಳ್ಳಿಗಳಿಗೆಲ್ಲ ಒಬ್ಬರೇ ತಿರುಗುತ್ತಿದ್ದ ಕಾಲದಿಂದಲೂ ಸ್ಪ್ಯಾನರು ಅವರ ಕೈಯಲ್ಲೇ. ಈಗ ಕೈ ನನ್ನದು, ಬಾಯಿ ಅವರದು.

"ಹೊಸಾವು ಹಾಕಿದ ಮ್ಯಾಲ ಕೀ ಕೊಡಬೇಕು ನೋಡು" ಅಂದರು.

"ಹೂಂ, ಕೊಡ್ತೀನ್ರೀ" ಅಂದುಬಿಟ್ಟೆ. ದಣಿದವರ ಬಾಯಿಂದ ಎಂಥ ಮಾತಾದರೂ ಬರುತ್ತದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಮುದುಕಿ ಕಾಣುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಅಂಗಳದಲ್ಲಿ ಶುರು ಮಾಡಿದೆವು. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಒತ್ತಿದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾರುಬಾರು ನಡೆಸಿದರು. "ಮದಲ ನಟ್ ಸಡ್ಲ ಮಾಡು, ಆಮ್ಯಾಲ ಜಾಕ್ ಎತ್ತು. ಏ, ಅಡಿಗಿ ಮನಿ ಡಬ್ಬಿ ಅಲ್ಲ ಅದು, ಕಾಲು ಕೊಟ್ಟು ಒತ್ತು." ಒತ್ತಿದೆ. ಸೊಂಟ ಕಳಕ್ ಅಂದಿತು. ಡ್ರೈವರ್ ಕಡೆಯ ಮುಂದಿನ ಗಾಲಿ ಬಿಚ್ಚಿ, ಹಿಂದಿನ ಬೋಲ್ಟುಗಳನ್ನು ತೆಗೆದು, ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಹೊರಗೆಳೆದೆ. ಅದರ ಪೈಪು ಜಗ್ಗಬಾರದೆಂದು ಹಳೆಯ ಲಂಗದ ಲಾಡಿಯಿಂದ ಮೇಲಕ್ಕೆ ಕಟ್ಟಿದೆ. ಆಮೇಲೆ ಹಳೆಯ ಪ್ಯಾಡುಗಳು ನನ್ನ ಕೈಗೆ ಬಂದವು.

ಅವು ಸವೆದಿರಲಿಲ್ಲ. ಹೊಸ ಪ್ಯಾಡಿನ ಪಕ್ಕಕ್ಕೆ ಹಿಡಿದೆ. ಅರ್ಧಕ್ಕಿಂತ ಹೆಚ್ಚು ದಪ್ಪ ಇನ್ನೂ ಉಳಿದಿತ್ತು. ಡಿಸ್ಕೂ ಚೆನ್ನಾಗಿತ್ತು.

"ಇಲ್ಲಿ ಕೊಡು" ಅಂದರು. ಎಡಗೈಯಲ್ಲಿ ತಗೊಂಡು ಹೆಬ್ಬೆರಳಿನಿಂದ ಸವರಿದರು. "ಒಳಗಿಂದು?" ಅಂದರು. ಅದನ್ನೂ ಕೊಟ್ಟೆ. ಅದನ್ನೂ ಸವರಿದರು. "ಡಿಸ್ಕ್ ಬಾಗಿರಬೇಕು" ಅಂದರು.

ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಒಳ್ಳೆಯ ಬ್ರೇಕನ್ನು ಬಿಚ್ಚಿ ಒಗೆಯುವುದಕ್ಕೆ ಈ ವಯಸ್ಸಿನಲ್ಲಿ ನೆಲದ ಮೇಲೆ ಹೊರಳಾಡುತ್ತಿದ್ದೇನಲ್ಲ ಅಂತ ಅಳುವೂ ಬಂತು. ಆದರೆ ಅವರ ಮುಖ ನೋಡಿದರೆ ಸಿಟ್ಟು ಇಳಿದುಹೋಯಿತು. ಅಷ್ಟು ಹೊತ್ತು ಬಿಡುವಿಲ್ಲದೆ ಮಾತಾಡುತ್ತಿದ್ದವರು ಆ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಸವರುತ್ತಾ ಕೂತಿದ್ದರು.

ಹೊಸ ಡಿಸ್ಕು ತರಲು ಒಳಗೆ ಹೋದರೆ ಅತ್ತೆ ಅವೆರಡನ್ನೂ ದೇವರ ಜಗುಲಿಯ ಮೇಲಿಟ್ಟು, ಎಣ್ಣೆ ಕೈಯಲ್ಲೇ ಮೂರೆಳೆ ವಿಭೂತಿ ಬಳಿದು, ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ಡಿಸ್ಕಿಗೆ ಎಣ್ಣೆ ಸೋಂಕಿದರೆ ಬ್ರೇಕು ಹಿಡಿಯುವುದಿಲ್ಲ. ಬಟ್ಟೆಗೆ ಪೆಟ್ರೋಲು ಹಾಕಿ ನಾನು ಒರೆಸತೊಡಗಿದಾಗ, "ಯವ್ವಾ, ದೇವರನ್ನ ಒರಸಿ ಒಗಿತೀ ಏನಬೇ!" ಅಂತ ಕೂಗಿಕೊಂಡರು. "ದೇವರು ಒಳಗ ಇಳದಾನ್ರೀ ಅತ್ತಿ, ಮ್ಯಾಲಿಂದಷ್ಟೇ ಒರಸ್ತೀನಿ" ಅಂದೆ. ನಂಬಿದರೋ ಬಿಟ್ಟರೋ, ಅಡುಗೆಮನೆಗೆ ಹೋಗಿ ತಿನ್ನಲು ಮಂಡಕ್ಕಿಯ ಮಂಡಾಳ ಒಗ್ಗರಣೆ ತಂದುಕೊಟ್ಟರು.

ಎರಡೂ ಕಡೆಯ ಕೆಲಸ ಮುಗಿಯುವ ಹೊತ್ತಿಗೆ ಅಂಗಳ ಕಾದ ಹಂಚಾಗಿತ್ತು. ಎಡಗಡೆಯದನ್ನು ಮೊದಲೇ ಕೆಳಗಿಳಿಸಿದ್ದೆ. ಡ್ರೈವರ್ ಕಡೆಯ ಗಾಲಿ ಮಾತ್ರ ಹೊಸ ಡಿಸ್ಕಿನ ಮೇಲೆ ಕೂತು ಇನ್ನೂ ನೆಲ ಬಿಟ್ಟು ಎತ್ತಿಕೊಂಡಿತ್ತು. ಹೊಸ ಪ್ಯಾಡು ಹಾಕಿದ ಮೇಲೆ ಬ್ರೇಕ್ ಪೆಡಲು ಗಟ್ಟಿಯಾಗುವ ತನಕ ಅದನ್ನು ಒತ್ತಬೇಕು. "ಅದು ನನ್ನ ಕೆಲಸ" ಅಂತ ಎದ್ದರು. ಎಷ್ಟೋ ತಿಂಗಳ ಮೇಲೆ ಸ್ಟೇರಿಂಗಿನ ಮುಂದೆ ಕೂತರು. ಕನ್ನಡಿ ಸರಿಮಾಡಿಕೊಂಡರು. ಮದುಮಗನ ಹಾಗೆ ಮುಖ ಅರಳಿತು. ನನಗೆ ಪ್ರೀತಿಯೂ ಉಕ್ಕಿತು, ಜೀವವೂ ಹಾರಿತು. ಇನ್ನು ಕೀ ಕೇಳುತ್ತಾರೆ.

ಪೆಡಲು ಗಟ್ಟಿಯಾಯಿತು. "ಈಗ ಪರೀಕ್ಷಾ" ಅಂದರು. "ಗಾಡಿ ನ್ಯೂಟ್ರಲ್‌ನ್ಯಾಗ ಅದ. ನನ್ನ ಕಾಲು ಆಕ್ಸಿಲರೇಟರ್ ಮ್ಯಾಲ ಇಟ್ಟೀನಿ, ರೋಡಿನ ಮ್ಯಾಲ ಇದ್ದಂಗ. ನೀ ಗಾಲಿ ತಿರುವು. ತಿರುವ್ಕೋತ ಬ್ರೇಕ್ ಅನ್ನು. ಕೂಡ್ಲೇ ನಿಲ್ತದೋ ಇಲ್ಲೋ ಹೇಳು."

ಎರಡೂ ಕೈಯಿಂದ ಗಾಲಿ ತಿರುವಿದೆ. "ಬ್ರೇಕ್" ಅಂದೆ. ಗಾಲಿ ನನ್ನ ಕೈಯೊಳಗೆ ತಿರುಗುತ್ತಲೇ ಇತ್ತು. ಪೂರ್ತಿ ಒಂದು ಸುತ್ತು ಹೋದ ಮೇಲೆ ಗಪ್ಪನೆ ನಿಂತಿತು.

"ಕೂಡ್ಲೇ ನಿಂತಿತೇನು?"

ಹೂಂ ಅಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. "ಇಲ್ರೀ" ಅಂದೆ. "ಒಂದು ಸುತ್ತು ಹೋತು."

"ಮತ್ತ ತಿರುವು."

ಮತ್ತೆ ತಿರುವಿದೆ. ಮತ್ತೆ ಒಂದು ಸುತ್ತು. ಮತ್ತೆ ಹೇಳಿದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು.

ಅವರು ಬಾಗಿಲು ಹಿಡಿದುಕೊಂಡು ಕೆಳಗಿಳಿದರು. "ನೀ ಕೂಡು ಒಳಗ" ಅಂದರು. ಕಾಲು ಮಡಚಲು ಬಾರದೆ, ಕುರ್ಚಿ ಎಳೆದುಕೊಂಡು ಗಾಲಿಯ ಪಕ್ಕ ಕೂತು ಬಗ್ಗಿದರು. ನಾನು ಒಳಗೆ ಕೂತು ಆಕ್ಸಿಲರೇಟರಿನ ಮೇಲೆ ಕಾಲಿಟ್ಟೆ. ಒಂದು ಗಳಿಗೆ, ಬೇಕಂತಲೇ ತಡ ಮಾಡಿಬಿಡಲೇ ಅಂತ ಮನಸ್ಸಿಗೆ ಬಂತು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಎಡಗೈಯೊಂದರಿಂದಲೇ ಗಾಲಿ ತಿರುವುತ್ತಿದ್ದರು.

"ಬ್ರೇ—"

ಮಾತು ಮುಗಿಯುವ ಮೊದಲೇ ನನ್ನ ಕಾಲು ತಾನಾಗಿ ಒತ್ತಿಬಿಟ್ಟಿತ್ತು. ಗಾಲಿ ಅವರ ಕೈಯಲ್ಲಿ ಕಲ್ಲಾಗಿ ನಿಂತಿತು.

ಇನ್ನೊಮ್ಮೆ ತಿರುವಲಿಲ್ಲ. ಗಾಲಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತರು. ಇಷ್ಟು ತಿಂಗಳ ವಾದ ಗೆದ್ದಿದ್ದೆ. ಇಂಥ ಗೆಲುವು ಶತ್ರುವಿಗೂ ಬೇಡ. ಇಳಿದು ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟೆ. ಅವರು ತಲೆಯೆತ್ತದೆ, ಕೆಳಗೆ ಬಿದ್ದಿದ್ದ ಸ್ಪ್ಯಾನರನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ನಟ್ ಸರಿಯಾಗಿ ಬಿಗಿ ಮಾಡ್ಕೋ" ಅಂದರು. "ದಿನಾ ಹೊಡಿಯಾಕಿ ನೀನೇ."