ಕಿತ್ತಿಟ್ಟ ವೈರು

ದೆವ್ವ, ಶಕುನ, ದೃಷ್ಟಿ ಅಂದವರನ್ನು ಆಡಿಕೊಂಡು ನಗುತ್ತಿದ್ದವಳು ನಾನು. ಅತ್ತೆ ಮೈಸೂರಿನಿಂದ ಮಂತ್ರಿಸಿದ ದಾರ ಕಳಿಸಿದರೆ ಅದರಲ್ಲಿ ಕರಿಬೇವಿನ ಕಟ್ಟು ಕಟ್ಟಿಟ್ಟವಳು. ನೀವೂ ನನ್ನಂಥವರೇ ಆಗಿದ್ದರೆ ಇದನ್ನು ಓದಿ ನಗಿ, ಬೇಜಾರಿಲ್ಲ. ನನಗೆ ಮಾತ್ರ ಈಗ ನಗು ಬರುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಲಾಡಿನ ಒಂದು ಔಷಧಿ ಸಗಟು ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನನ್ನದು. ವಿಭಾಗ ಅಂದರೆ ನಾನು, ಆಂಟಾಪ್ ಹಿಲ್‌ನಿಂದ ಬರುತ್ತಿದ್ದ ಧಾರವಾಡ ಕಡೆಯ ಹುಡುಗಿ ನೀಲಾ, ಮತ್ತು ಗಾಜಿನ ಕೋಣೆಯಲ್ಲಿ ಎ.ಸಿ. ಹಾಕಿಸಿಕೊಂಡು ಕೂತಿದ್ದ ಸರ್ವರ್. ಅದಕ್ಕೊಂದು ಮೋಡೆಮ್, ಮೋಡೆಮ್‌ಗೊಂದು ಟೆಲಿಫೋನ್ ವೈರು. ಹೊರಗಿನ ವ್ಯಾಪಾರಿಗಳು ಆ ಲೈನಿನಲ್ಲಿ ಒಳಗೆ ಬಂದು ಬೇಕಾದ ಫೈಲು ಒಯ್ಯುತ್ತಿದ್ದರು. ವೈರು ಕಿತ್ತರೆ ಸರ್ವರಿಗೆ ಹೊರಗಿನ ಲೋಕವೇ ಇಲ್ಲ. ನಮ್ಮ ಖರೀದಿ ದರದ ಫೈಲೂ ಹೀಗೇ ಒಮ್ಮೆ ಯಾರದೋ ಕೈ ಸೇರಿತು. ಮಾಲೀಕ ಸೇಠ್ ಕೆಂಡವಾದ. "ಸಬ್ ಬಂದ್ ಕರೋ" ಅಂದ.

ಹೊರಗಿನವರ ಹೆಸರೆಲ್ಲ ನಾನು ಸರ್ವರಿನಿಂದ ತೆಗೆದುಹಾಕಿದೆ. ಪುಣೆ ಶಾಖೆಗೆ ಫೈಲು ಕಳಿಸಲು ನೀಲಾಳ ಹೆಸರೊಂದನ್ನೇ ಉಳಿಸಿದೆ. ನಮ್ಮಲ್ಲಿ ಎಲ್ಲರ ಪಾಸ್‌ವರ್ಡೂ ಅವರವರ ಮನೆದೇವರು. ಪ್ರಸಾದ ತಿಂದವರಿಗೆಲ್ಲ ಗೊತ್ತು. ಅದಕ್ಕೇ ಅವಳದನ್ನು ಬದಲಾಯಿಸಿದೆ. ಆಗ ನಾನು ತುಂಬು ಬಸುರಿ. ಹುಟ್ಟುವ ಮಗುವಿಗೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ, ಗಂಡನಿಗೂ ಹೇಳದ ಹೆಸರನ್ನು ಹಾಕಿ, ನೀಲಾಳ ಕಿವಿಯಲ್ಲಿ ಹೇಳಿದೆ.

"ಬ್ಯಾಡ್ರಿ ಅಕ್ಕಾ, ಕೂಸು ಹುಟ್ಟೂದಕ್ಕಿಂತ ಮೊದ್ಲ ಹೆಸರ ತಗೀಬಾರ್ದ್ರಿ" ಅಂದಳು.

"ಹೋಗೇ, ಅಜ್ಜಿ ಪುರಾಣ" ಎಂದು ಗದರಿದೆ.

ಮಧ್ಯಾಹ್ನ ಅವಳು ಚಹಾಕ್ಕೆ ಕೆಳಗಿಳಿದಳು. ಯಾತಕ್ಕೂ ಇರಲಿ ಅಂತ ನಾನು ಮೋಡೆಮ್‌ನಿಂದ ವೈರು ಕಿತ್ತು ಕಪಾಟಿನ ಮೇಲಿಟ್ಟೆ. ಕುರ್ಚಿಗೆ ಬಂದು ಕೂತಿದ್ದೆನಷ್ಟೆ, ಮೋಡೆಮ್ ಕಿರ್ರೋ ಎಂದು ಕೂಗಿತು. ಪರದೆಯ ಮೇಲೆ ನೀಲಾಳ ಹೆಸರು. ಅವಳ ಹೆಸರಿನಲ್ಲಿ ಯಾರೋ ಹೊರಗಿನಿಂದ ಒಳಬಂದಿದ್ದರು; ದರದ ಫೈಲು ಹೋಗುತ್ತಿತ್ತು. ಎದ್ದು ನೋಡಿದರೆ ವೈರು ಕಪಾಟಿನ ಮೇಲೇ ಇದೆ. ಕೈಗೆತ್ತಿಕೊಂಡೆ. ಫೈಲು ಹೋಗುತ್ತಲೇ ಇತ್ತು. ಹೊಟ್ಟೆಯೊಳಗಿನ ಮಗು ಒದ್ದ ಒದೆತಕ್ಕೆ ಮೇಜು ಹಿಡಿದುಕೊಂಡೆ.

ಸದ್ದಿಗೆ ಸೇಠ್ ಬಂದ. ಅವನ ಬೆನ್ನಿಗೇ ನೀಲಾ. ಇಬ್ಬರಿಗೂ ಕಂಡದ್ದು ಒಂದೇ: ಪರದೆಯ ಮೇಲೆ ಕಳುವು, ನನ್ನ ಕೈಯಲ್ಲಿ ಆಗ ತಾನೇ ಕಿತ್ತಂತಿದ್ದ ವೈರು.

ಮೊದಲೇ ಕಿತ್ತಿದ್ದೆ ಅಂದೆ. ಸೇಠ್ ನಕ್ಕ. ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ. "ದೋನೋ ಮೇ ಸೇ ಕೌನ್? ಬೋಲೋ, ನಹೀ ತೋ ದೋನೋ ಕೋ ಪುಲೀಸ್ ಲೇ ಜಾಯೇಗಿ" ಅಂದ. ಯಾರೆಂದು ಹೇಳದಿದ್ದರೆ ಇಬ್ಬರನ್ನೂ ಪೊಲೀಸರಿಗೆ ಕೊಡುತ್ತಾನಂತೆ.

ನೀಲಾ ನನ್ನ ಹೊಟ್ಟೆ ನೋಡಿದಳು. "ಸೇಠ್‌ಜೀ, ಮೈನೇ ಕಿಯಾ" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು.

ಅವಳು ಹೇಳುತ್ತಿರುವುದು ಸುಳ್ಳು ಎಂದು ಕಿರುಚಿದೆ. ಯಾರು ಕೇಳುತ್ತಾರೆ! ಚಹಾಕ್ಕೆ ಹೋದದ್ದೇ ಹೊರಗಿನವರಿಗೆ ಪಾಸ್‌ವರ್ಡ್ ಹೇಳಲು ಅಂತ ಸೇಠ್ ತಾನೇ ಕಥೆ ಕಟ್ಟಿಕೊಂಡ. ಆಫೀಸಿನವರನ್ನೆಲ್ಲ ಕರೆದು ನಿಲ್ಲಿಸಿ ಅವಳ ಚೀಲ ಮೇಜಿನ ಮೇಲೆ ಸುರಿಸಿದ. ಬಾಚಣಿಗೆ, ರೈಲಿನ ಪಾಸು, ರೊಟ್ಟಿ ಡಬ್ಬಿ. ಡಬ್ಬಿಯೊಳಗೂ ಕೈ ಹಾಕಿದ, ಆ ಪಾಪಿ. ಅವಳೆದುರಿಗೇ ಮಾರ್ಕೆಟ್ಟಿನವರಿಗೆಲ್ಲ ಫೋನ್ ಮಾಡಿ, ಇವಳು ಕಳ್ಳಿ, ಕೆಲಸಕ್ಕಿಟ್ಟುಕೊಳ್ಳಬೇಡಿ ಅಂದ.

ಆಮೇಲೆ ವೈರು ಕಿತ್ತು ಎಷ್ಟು ಸಲ ನೋಡಿದೆನೋ. ಮೋಡೆಮ್ ಕಮಕ್ ಕಿಮಕ್ ಅನ್ನಲಿಲ್ಲ. ಹೆರಿಗೆಗೆ ಹೋದವಳು ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಆಂಟಾಪ್ ಹಿಲ್‌ಗೆ ಹುಡುಕಿಕೊಂಡು ಹೋದರೆ ನೀಲಾಳ ಮನೆಯವರು ಖಾಲಿ ಮಾಡಿದ್ದರು.

ವರ್ಷಗಳ ಮೇಲೆ ದಹಿಸರ್ ಸ್ಟೇಷನ್ನಿನಲ್ಲಿ ಸಿಕ್ಕಳು. ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸವಂತೆ. ವಯಸ್ಸಿಗೆ ಮೊದಲೇ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಕೈ ಹಿಡಿದುಕೊಂಡು, "ಅದು ನಾನಲ್ಲ ಕಣೇ, ನನ್ನ ಮಗನಾಣೆ" ಅಂದೆ.

"ಇರ್ಲಿ ಬಿಡ್ರಿ ಅಕ್ಕಾ. ಆವಾಗ ನಿಮಗ ಏನ್ ಅಡಚಣಿ ಇತ್ತೋ ಏನೋ" ಎಂದು ನಕ್ಕಳು. ದೇವರೇ, ಎಂಥಾ ನಗು ಅದು! ನನ್ನನ್ನು ಎಂದೋ ಕ್ಷಮಿಸಿಬಿಟ್ಟಿದ್ದಳು. ಲೋಕಲ್ ಬಂತು. ಹತ್ತುತ್ತಾ ತಿರುಗಿ, "ಕೂಸಿಗೆ ಅದ ಹೆಸರ ಇಟ್ರೇನ್ರಿ?" ಎಂದು ಕೇಳಿದಳು.

ಇಲ್ಲ ಅಂದೆ. ಅವತ್ತು ವೈರಿಲ್ಲದೆ ಒಳಬಂದದ್ದು ಆ ಹೆಸರು ಹೇಳಿಯೇ; ಅದನ್ನು ಹಿಡಿದು ಕೂಗಿದರೆ ಓ ಅನ್ನುವವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.