ಹುಳಿಗೆ ನೀರು

ನಮ್ಮ ಮನೆಯಲ್ಲಿ ಆಸಿಡ್ಡಿಗೆ ಹುಳಿ ಎಂದು ಹೆಸರಿಟ್ಟವಳು ನಾನೇ. ಉಡುಪಿ ಕಡೆಯಿಂದ ಬಂದು ಅಣ್ಣಾ ನಗರ್‌ನಲ್ಲಿ ಹೋಟೆಲು ನಡೆಸುವ ನಮಗೆ ಹುಳಿ ಎಂದರೆ ಅನ್ನಕ್ಕೆ ಬಡಿಸುವ ಬೇಳೆ ಹುಳಿ. ರಸಾಯನಶಾಸ್ತ್ರ ಓದುತ್ತಿದ್ದ ನನಗೆ ಅದೊಂದು ತಮಾಷೆ.

ತಮಾಷೆಯ ಹೊತ್ತೇನೂ ಆಗಿರಲಿಲ್ಲ. ಪಾತ್ರೆ ತೊಳೆದ ಜಿಡ್ಡು ನೀರು ಹಿಂದಿನ ಓಣಿಗೆ ನುಗ್ಗಿ ಗಬ್ಬು ನಾರುತ್ತಿತ್ತು. ಓಣಿಯವನೊಬ್ಬ ಕಬ್ಬಿಣದ ಸರಳು ಹಿಡಿದು ಬಂದು ಸಿಂಕು ಪುಡಿಮಾಡಿದ, ಅಡ್ಡ ಹೋದ ಚಿಕ್ಕಪ್ಪನ ಹಲ್ಲು ಉದುರಿಸಿದ. ಇನ್ನೊಮ್ಮೆ ನೀರು ಬಂದರೆ ಹೋಟೆಲಿಗೇ ಬೆಂಕಿ ಇಡುತ್ತೇನೆ ಎಂದ. "ಕೊಳುತ್ತಿಡುವೇನ್!" ಎಂಬ ಆ ತಮಿಳು ಕೂಗಿಗೆ ಗಿರಾಕಿಗಳು ಎಲೆ ಬಿಟ್ಟು ಎದ್ದರು.

ನೀರಿನ ಜಿಡ್ಡು ತೆಗೆಯುವ ಯಂತ್ರ ಕೂರಿಸುವ ತಾಕತ್ತು ನಮಗಿರಲಿಲ್ಲ. ಜೇಡಿಮಣ್ಣನ್ನು ಆಸಿಡ್ಡಿನಲ್ಲಿ ಬೇಯಿಸಿ, ತೊಳೆದು, ಒಣಗಿಸಿದರೆ ಅದು ಬರಿಮಣ್ಣಿಗಿಂತ ಎಷ್ಟೋ ಚೆನ್ನಾಗಿ ಜಿಡ್ಡು ಹೀರುತ್ತದೆ. ಒಂದು ಬಕೆಟ್ಟಿನಲ್ಲಿ ಮಾಡಿ ನೋಡಿದ್ದೆ, ನೀರು ತಿಳಿಯಾಗಿತ್ತು. ನನಗೆ ಕೊಬ್ಬು ಬಂದದ್ದೂ ಆಗಲೇ.

ಮಧ್ಯಾಹ್ನದ ಊಟ ಮುಗಿದ ಮೇಲೆ ಹಿತ್ತಲಲ್ಲಿ ಗಾಜಿನ ಜಾಡಿಗೆ ಆಸಿಡ್ ಸುರಿದಿಟ್ಟು ಮಣ್ಣು ಜರಡಿ ಹಿಡಿಯುತ್ತಿದ್ದೆ.

"ಇನ್ನೆಂತ ಮಾಡ್ಲಿಕ್ಕುಂಟು ಮಗಳೇ?" ಅಪ್ಪ ಕೇಳಿದರು.

"ಹುಳಿ ಗಟ್ಟಿ ಉಂಟಪ್ಪ, ತೆಳು ಮಾಡ್ಬೇಕು," ಎಂದೆ, ತಲೆ ಎತ್ತದೆ.

ಹುಳಿ ಗಟ್ಟಿಯಾದರೆ ಹೋಟೆಲಿನವರು ಏನು ಮಾಡುತ್ತಾರೆ? ಚೊಂಬಿನಲ್ಲಿ ನೀರು ಹೊಯ್ಯುತ್ತಾರೆ. ಅಪ್ಪ ಜನ್ಮವಿಡೀ ಮಾಡಿದ್ದನ್ನೇ ಮಾಡಿದರು. ನೀರಿಗೆ ಆಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಆಸಿಡ್ಡಿಗೆ ನೀರು ಹೊಯ್ಯಲೇಬಾರದು. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಜಾಡಿ ಕೊತಕೊತ ಕುದಿದು ಸಿಡಿಯಿತು. ಅಪ್ಪ ಮುಖ ಮುಚ್ಚಿಕೊಂಡು ಅರಚಿದರು. ಅಂಗಿ ಕಣ್ಣೆದುರೇ ತೂತುತೂತಾಯಿತು, ಕೆನ್ನೆಯ ಚರ್ಮ ಬಿಳುಚಿ ಸುಲಿದು ಬಂತು. ಅವರ ಕೂದಲು ಹಿಡಿದೆಳೆದು ತಲೆಯನ್ನು ನಲ್ಲಿಯ ಕೆಳಗೆ ಒತ್ತಿದೆ. ಅವರು ನೋವಿಗೆ ನನ್ನನ್ನು ಒದ್ದರು, ಕೈ ಕಚ್ಚಿದರು. ನಾನು ಬಿಡಲಿಲ್ಲ.

ಬಲಗಣ್ಣು ಹೋಯಿತು ಎಂದರು ಡಾಕ್ಟರು. ಚಿಕ್ಕಪ್ಪ ವಾರ್ಡಿನಲ್ಲೇ ನನ್ನ ಕೆನ್ನೆಗೆ ಬಾರಿಸಿದರು. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು, ಆ ಏಟು ಸಾಲದು ಎನಿಸಿತು.

"ನೀರು ಹಾಕ್ಬೇಡಿ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ದಾಡಿ ನಿಂಗೆ?" ಎನ್ನುತ್ತ ಮತ್ತೆ ಕೈ ಎತ್ತಿದರು.

"ಅವಳು ಹೇಳಿದ್ಲು," ಬ್ಯಾಂಡೇಜಿನೊಳಗಿಂದ ಅಪ್ಪನ ದನಿ ಬಂತು. "ಎರಡು ಸಲ ಹೇಳಿದ್ಲು. ನಾನೇ ಕೇಳ್ಲಿಲ್ಲ."

ಚಿಕ್ಕಪ್ಪನ ಕೈ ಇಳಿಯಿತು. ಹೌದಾ ಎಂದು ನನ್ನನ್ನು ಕೇಳಿದರು.

ಹೌದು ಎಂದೆ.